ಆಫ್‌ಸೆಟ್ ಹಾಕುವ ಮುನ್ನ ಮೂಲೆ ನೋಡಿ

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಎಂಜಿನ್ ಬಿಚ್ಚಿದಾಗ ಮುಚ್ಚಳದ ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರಿಸುವ ತೆಳು ಪಟ್ಟಿ) ಹರಿದುಹೋಗುವುದು ಮಾಮೂಲು. ಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್) ಹೊಸದನ್ನು ಬಿಡಿಸುವವರು ಎಡವುವುದು ಹೆಚ್ಚಾಗಿ ಆಫ್‌ಸೆಟ್‌ನಲ್ಲೇ, ಅಂದರೆ ಒಂದು ಗೆರೆಗೆ ಸಮಾನ ಅಂತರದಲ್ಲಿ ಇನ್ನೊಂದು ಗೆರೆ ಎಳೆಯುವಲ್ಲಿ.

ಮೊದಲು ವರ್ನಿಯರ್‌ನಿಂದ ಮುಚ್ಚಳದ ಲೋಹದ ಅಂಚನ್ನೇ ಅಳೆಯಿರಿ. ಹಳೆಯ ಗ್ಯಾಸ್ಕೆಟ್ ಎಣ್ಣೆ ಕುಡಿದು ಉಬ್ಬಿರುತ್ತದೆ, ಅದನ್ನು ನಂಬಬೇಡಿ. ಹೊರ ಅಳತೆ 180×120 ಮಿ.ಮೀ., ಮೂಲೆಯ ತ್ರಿಜ್ಯ 10, ಪಟ್ಟಿಯ ಅಗಲ 16 ಎಂದಿಟ್ಟುಕೊಳ್ಳಿ.

ಹೊರಗೆರೆ ಬಿಡಿಸಿ, ಮೂಲೆಗಳನ್ನು ದುಂಡಾಗಿಸಿ. ಒಳಕ್ಕೆ 8 ಮಿ.ಮೀ. ಆಫ್‌ಸೆಟ್ ಕೊಟ್ಟು ಅದನ್ನು ಕನ್‌ಸ್ಟ್ರಕ್ಷನ್ ಗೆರೆಯಾಗಿಸಿ (ಕತ್ತರಿಸಲು ಅಲ್ಲ, ಆಧಾರಕ್ಕೆ ಮಾತ್ರ ಇರುವ ಗೆರೆ). ಬೋಲ್ಟ್ ತೂತುಗಳ ಕೇಂದ್ರ ಈ ಗೆರೆಯ ಮೇಲೆ ಬರಲಿ. ಎಂ8 (8 ಮಿ.ಮೀ. ದಪ್ಪದ) ಬೋಲ್ಟ್‌ಗೆ 9 ಮಿ.ಮೀ. ತೂತು ಇಟ್ಟರೆ ಎರಡೂ ಬದಿಗೆ 3.5 ಮಿ.ಮೀ. ಉಳಿಯುತ್ತದೆ.

ತೊಡಕು ಒಳಗೆರೆಯದು. ಒಳಕ್ಕೆ ಸರಿಸಿದಷ್ಟೂ ಮೂಲೆಯ ತ್ರಿಜ್ಯ ಕುಗ್ಗುತ್ತದೆ: 8 ಸರಿಸಿದರೆ 2 ಉಳಿಯುತ್ತದೆ, 16 ಸರಿಸಿದರೆ ಏನೂ ಉಳಿಯುವುದಿಲ್ಲ. ಆಗ ಕೆಲವು ಸಾಫ್ಟ್‌ವೇರ್ ಎರರ್ ಕೊಡುತ್ತವೆ, ಕೆಲವು ಚೂಪು ಮೂಲೆ ಬಿಡುತ್ತವೆ. ಗ್ಯಾಸ್ಕೆಟ್ ಹರಿಯಲು ಶುರುವಾಗುವುದೇ ಚೂಪು ಮೂಲೆಯಿಂದ. ಹಾಗಾಗಿ ಒಳಗೆ ಬೇರೆಯೇ ಆಯತ ಬಿಡಿಸಿ, ನಾಲ್ಕೂ ಬದಿಗೆ 16ರ ಅಂತರ ಕೊಟ್ಟು, ಮೂಲೆಗೆ 3ರ ತ್ರಿಜ್ಯ ಹಾಕಿ.

ಒಳ ಆಯತ ಎಷ್ಟು? 180ರಲ್ಲಿ ಒಂದೇ ಸಲ 16 ಕಳೆದು 164 ಎನ್ನುವವರೇ ಹೆಚ್ಚು. ಪಟ್ಟಿ ಎರಡೂ ಬದಿಗಿದೆ, ಆದ್ದರಿಂದ 148×88. ಆದರೆ ಈ ಅಂಕಿಯನ್ನು ಅಳತೆಯಾಗಿ ಹಾಕಲು ಹೋಗಬೇಡಿ. 180 ಮತ್ತು 16 ಕೊಟ್ಟಾಗಲೇ 148 ನಿರ್ಧಾರವಾಗಿದೆ. ಮತ್ತೊಮ್ಮೆ ಹೇಳಿದರೆ ಸ್ಕೆಚ್ 'ಓವರ್ ಕನ್‌ಸ್ಟ್ರೇನ್ಡ್', ಅಂದರೆ ಅಳತೆ ಬೇಕಾದ್ದಕ್ಕಿಂತ ಹೆಚ್ಚಾಯಿತು, ಎನ್ನುತ್ತದೆ. ಕಾಣಲೇಬೇಕಿದ್ದರೆ ಫ್ಯೂಷನ್ ಸಾಫ್ಟ್‌ವೇರ್‌ನಲ್ಲಿ ಡ್ರಿವನ್, ಫ್ರೀಕ್ಯಾಡ್‌ನಲ್ಲಿ ರೆಫರೆನ್ಸ್ ಅಳತೆ ಮಾಡಿ. ಅದು ಅಂಕಿ ತೋರಿಸುತ್ತದೆ, ಗೆರೆಯನ್ನು ಹಿಡಿದಿಡುವುದಿಲ್ಲ.

ಆಟೋಕ್ಯಾಡ್‌ನ ದಾರಿ ಬೇರೆ. ಅಲ್ಲಿ ಆಫ್‌ಸೆಟ್ ಎಂದರೆ ಬರೀ ನಕಲು. ಆಮೇಲೆ ಹೊರಗೆರೆ ಹಿಗ್ಗಿಸಿದರೆ ಬೋಲ್ಟ್ ಗೆರೆ ಇದ್ದಲ್ಲೇ ಇರುತ್ತದೆ, ಮತ್ತೆ ಆಫ್‌ಸೆಟ್ ಹಾಕಬೇಕು. ಬಿಡಿ ಗೆರೆಗಳಿದ್ದರೆ ಒಂದೊಂದೇ ಸರಿಯುತ್ತದೆ, ಮೊದಲೇ ಜಾಯಿನ್ ಮಾಡಿ ಪಾಲಿಲೈನ್ (ಒಂದೇ ಕೂಡುಗೆರೆ) ಮಾಡಿಕೊಳ್ಳಿ. ಜಾಯಿನ್ ಆಗದಿದ್ದರೆ ತುದಿಗಳಲ್ಲಿ ಕಣ್ಣಿಗೆ ಕಾಣದ ಸಂದಿಯಿದೆ ಎಂದರ್ಥ, ಜೂಮ್ ಮಾಡಿ ಮುಚ್ಚಿ.

ಗ್ಯಾಸ್ಕೆಟ್ ಶೀಟ್ ಕತ್ತರಿಸುವ ಮುನ್ನ ಎ4 ಕಾಗದದಲ್ಲಿ 'ಫಿಟ್ ಟು ಪೇಜ್' ತೆಗೆದು ಪೂರ್ಣ ಅಳತೆಗೆ ಪ್ರಿಂಟ್ ಹಾಕಿ. ಸ್ಕೇಲ್ ಇಟ್ಟು 180 ಬಂದಿದೆಯೇ ನೋಡಿ, ಆಮೇಲೆ ಕಾಗದವನ್ನು ಮುಚ್ಚಳದ ಮೇಲಿಟ್ಟು ತೂತುಗಳಲ್ಲಿ ಬೋಲ್ಟ್ ಇಳಿಸಿ ನೋಡಿ.