ಕೊಡಗಿನ ಮಳೆಯಲ್ಲೂ ನಿಂತ ಹೈಪೋ ಡೋಸಿಂಗ್: ನನ್ನ ಅನುಭವ

ಸುಂಟಿಕೊಪ್ಪದ ಕಡೆಗಿರುವ ನಮ್ಮ ತೋಟದ ಮನೆಯ ಈಜುಕೊಳಕ್ಕೆ ಹೈಪೋ (ನೀರನ್ನು ಶುದ್ಧವಾಗಿಡುವ ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್) ತಾನಾಗಿಯೇ ಬೀಳುವಂತೆ ಮಾಡಿ ಎರಡು ಮಳೆಗಾಲಗಳು ಕಳೆದಿವೆ. ಕೊಳ ಕಟ್ಟಿಕೊಟ್ಟ ಗುತ್ತಿಗೆದಾರರು, "ನಿಮ್ಮ ಕಡೆಯ ಮಳೆಗೂ ಕರೆಂಟಿಗೂ ಇದು ನಿಲ್ಲುವುದಿಲ್ಲ ಸಾರ್, ಕ್ಲೋರಿನ್ ಮಾತ್ರೆಯನ್ನೇ ಹಾಕಿಸಿ" ಎಂದಿದ್ದರು. ಚಿಕ್ಕಪ್ಪನವರು, "ಆ ದುಡ್ಡಿಗೆ ಒಂದು ಲೋಡ್ ಗೊಬ್ಬರ ಬರುತ್ತದಲ್ಲ ಮಗಾ" ಎಂದು ಬೇಸರಪಟ್ಟುಕೊಂಡರು. ಅವರಿಬ್ಬರ ಮಾತನ್ನೂ ಮೀರಿ ಈ ಕೆಲಸಕ್ಕೆ ಇಳಿದೆ.

ಮಾತ್ರೆಗಳ ಸಹವಾಸ ನನಗೆ ಸಾಕಾಗಿತ್ತು. ಕ್ಲೋರಿನ್ ಬಿಸಿಲಿಗೆ ಹಾರಿಹೋದರೂ ಮಾತ್ರೆಯೊಳಗಿನ ಸಯನ್ಯೂರಿಕ್ ಆಮ್ಲ (ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ, ಅತಿಯಾದರೆ ಅದರ ಬಲವನ್ನೇ ಕುಗ್ಗಿಸುವ ವಸ್ತು) ನೀರಿನಲ್ಲೇ ಉಳಿಯುತ್ತದೆ. ಅಕ್ಟೋಬರಿನಿಂದ ಹಾಕುತ್ತಾ ಹೋದರೆ ಕಾಫಿ ಹೂಬಿಡಿಸುವ ಬೇಸಿಗೆಯ ಹೂಮಳೆಯ ಹೊತ್ತಿಗೆ ಅದು 100 ಪಿಪಿಎಂ (ಲೀಟರಿಗೆ 100 ಮಿ.ಗ್ರಾಂ) ದಾಟಿ, ಟೆಸ್ಟ್ ಕಿಟ್ ಕ್ಲೋರಿನ್ ತೋರಿಸುತ್ತಿದ್ದರೂ ನೀರು ಹಸಿರಾಗುತ್ತಿತ್ತು. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ನೀರು ಸಾಲದ ಕಾಲದಲ್ಲಿ ಆ ಆಮ್ಲ ಇಳಿಸಲು ಅರ್ಧ ಕೊಳವನ್ನು ಖಾಲಿ ಮಾಡಬೇಕಾಗಿ ಬಂದದ್ದು ನನಗೆ ಬಹಳ ನೋವಾಯಿತು.

ನಮ್ಮ ಕೊಳ ಸುಮಾರು 60,000 ಲೀಟರಿನದು. 10 ಪ್ರತಿಶತದ ಹೈಪೋ 600 ಮಿ.ಲೀ. ಹಾಕಿದರೆ ಒಂದು ಪಿಪಿಎಂ ಏರುತ್ತದೆ. ಲೆಕ್ಕ ಇಷ್ಟು ಸರಳವಾಗಿದ್ದರೂ ಅದನ್ನು ಪೈಪಿನೊಳಗೆ ಇಳಿಸಲು ಒಂದು ವರ್ಷ ಹಿಡಿಯಿತು.

ಮೊದಲು ತಂದದ್ದು ಸೆಕೆಂಡ್‌ಹ್ಯಾಂಡ್ ಡಯಾಫ್ರಾಮ್ ಪಂಪು, ಒಳಗಿನ ಪರದೆ ಹಿಂದೆಮುಂದೆ ಮಿಡಿದು ದ್ರವ ತಳ್ಳುವಂಥದು. ಏಳು ಸಾವಿರವೆಂದು ನೆನಪು. ಬಿಸಿಲು ಏರಿದಂತೆ ಹೈಪೋ ಗಾಳಿಗುಳ್ಳೆ ಬಿಡುತ್ತದೆ. ಪಂಪಿನ ತಲೆಯಲ್ಲಿ ಗಾಳಿ ಕಟ್ಟಿಕೊಂಡು ಟಕಟಕ ಸದ್ದು ಮಾತ್ರ ಬರುತ್ತಿತ್ತು, ಒಂದು ಹನಿಯೂ ಹೋಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ನನ್ನದೇ: ಕ್ಯಾನನ್ನು ಅಟ್ಟದ ಮೇಲಿಟ್ಟು, ಟ್ಯೂಬನ್ನು ಮೋಟಾರು ನೀರೆಳೆಯುವ ಕಡೆಗೆ ಜೋಡಿಸಿದ್ದೆ. ಒಂದು ರಾತ್ರಿ ಸೈಫನ್ ಆಗಿ ಇಪ್ಪತ್ತು ಲೀಟರ್ ಹೈಪೋ ಕೊಳಕ್ಕೆ ಇಳಿದುಹೋಯಿತು. ಬೆಳಿಗ್ಗೆ, ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಡಿಪಿಡಿ ಕಿಟ್‌ನಲ್ಲಿ ಬಣ್ಣವೇ ಬರಲಿಲ್ಲ. ಕ್ಲೋರಿನ್ ಇಲ್ಲವೆಂದು ತಿಳಿದು ಇನ್ನೂ ಹಾಕಲು ಹೊರಟಿದ್ದೆ. ಕ್ಯಾನ್ ಖಾಲಿಯಾಗಿರುವುದನ್ನು ಕಂಡಾಗಲೇ, ಕ್ಲೋರಿನ್ ಅತಿಯಾದರೆ ಡಿಪಿಡಿಯ ಬಣ್ಣವನ್ನೂ ಅದು ಬಿಳುಪಾಗಿಸುತ್ತದೆಂಬುದು ಹೊಳೆಯಿತು. ಒಂದು ಪಾಲಿಗೆ ಒಂಬತ್ತು ಪಾಲು ಶುದ್ಧ ನೀರು ಸೇರಿಸಿ ಅಳೆದಾಗ ಮೂವತ್ತರ ಆಸುಪಾಸು ಬಂತು. ಒಂದು ವಾರ ಯಾರನ್ನೂ ನೀರಿಗೆ ಇಳಿಸಲಿಲ್ಲ.

ಈಗಿರುವುದು ಪೆರಿಸ್ಟಾಲ್ಟಿಕ್ ಪಂಪು, ರೋಲರುಗಳಿಂದ ಟ್ಯೂಬನ್ನು ಹಿಸುಕಿ ದ್ರವ ತಳ್ಳುವಂಥದು. ಗಾಳಿ ಬಂದರೂ ತಳ್ಳಿಕೊಂಡು ಹೋಗುತ್ತದೆ. ಅಗ್ಗಕ್ಕೆ ಸಿಕ್ಕ ಸಿಲಿಕೋನ್ ಟ್ಯೂಬ್ ಎರಡೇ ತಿಂಗಳಿಗೆ ಸೀಳಿತು, ಸ್ಯಾಂಟೋಪ್ರೀನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಟ್ಯೂಬ್ ಒಂದು ವರ್ಷ ತಡೆಯಿತು. ಕ್ಯಾನ್ ನೆಲದ ಮೇಲೆ, ಕೊಳದ ಮಟ್ಟಕ್ಕಿಂತ ಕೆಳಗಿದೆ. ಹೈಪೋ ಸೇರುವ ಜಾಗ ಫಿಲ್ಟರ್ ದಾಟಿದ ಮೇಲೆ, ಹಿಂದಕ್ಕೆ ಹರಿಯಗೊಡದ ಚೆಕ್ ವಾಲ್ವಿನ ಸಮೇತ. ಪಂಪಿನ ಕರೆಂಟನ್ನು ಫಿಲ್ಟರ್ ಮೋಟಾರಿನ ಕಾಂಟ್ಯಾಕ್ಟರ್ (ಮೋಟಾರನ್ನು ಆನ್-ಆಫ್ ಮಾಡುವ ಸ್ವಿಚ್) ಮೂಲಕವೇ ಕೊಟ್ಟಿದ್ದೇನೆ. ಮೋಟಾರು ನಿಂತರೆ ಹೈಪೋ ಕೂಡ ನಿಲ್ಲುತ್ತದೆ. ಜುಲೈಯಲ್ಲಿ ಮೂರು ದಿನ ಕರೆಂಟ್ ಹೋದಾಗ ಹಳೆಯ ಟೈಮರ್ ಹೊತ್ತು ತಪ್ಪಿ ನಡುರಾತ್ರಿಗೆ ಓಡತೊಡಗಿತು, ಹಾಗಾಗಿ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿದೆ. ಅದನ್ನು ಕ್ಯಾನ್ ಇರುವ ಕೋಣೆಯಲ್ಲಿ ಇಡಬಾರದು. ಹೈಪೋವಿನ ಆವಿಗೆ ಮೊದಲನೆಯದರ ಸ್ಕ್ರೂಗಳೆಲ್ಲ ಹಸಿರುಗಟ್ಟಿದ್ದವು. ಪಿಎಚ್ ಇಳಿಸುವ ಆಸಿಡ್ಡನ್ನಂತೂ ಆ ಕೋಣೆಯ ಹತ್ತಿರವೂ ತರುವುದಿಲ್ಲ, ಎರಡೂ ಬೆರೆತರೆ ಹೊರಡುವುದು ವಿಷಾನಿಲ.

ಹೈಪೋವನ್ನು ಅರ್ಧಕ್ಕರ್ಧ ನೀರು ಬೆರೆಸಿಯೇ ಇಡುತ್ತೇನೆ, ಆಗ ಸತ್ವ ಕುಂದುವುದು ನಿಧಾನ. ನಿಮಿಷಕ್ಕೆ 40 ಮಿ.ಲೀ. ಹರಿವಿನಲ್ಲಿ ದಿನಕ್ಕೆ ಒಂದು ಗಂಟೆ ಓಡಿದರೆ ಸುಮಾರು 2 ಪಿಪಿಎಂ. ಅದನ್ನು ಕಾಲು ಗಂಟೆಯ ನಾಲ್ಕು ಕಂತುಗಳಾಗಿ ಹಂಚಿದ್ದೇನೆ. ಬೆರೆಸುವ ನೀರು ಯಾವುದು, ಕಂತುಗಳ ಹೊತ್ತು ಯಾವುದು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನೀರು ತಿಳಿಯಾಗಿ ನಿಂತದ್ದು ಅದರಿಂದ.

ನಮ್ಮ ಮಳೆಗೆ ಇನ್ನೊಂದು ಗುಣವಿದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕೊಳ ತುಂಬಿ ಹರಿಯುತ್ತಲೇ ಇರುವುದರಿಂದ ಸಯನ್ಯೂರಿಕ್ ಆಮ್ಲವೂ, ಪಿಎಚ್ ಏರುಪೇರಾಗದಂತೆ ತಡೆಯುವ ಕ್ಷಾರತೆಯೂ ತೊಳೆದುಹೋಗುತ್ತವೆ. ಮಳೆ ಬಿಟ್ಟ ಮೇಲೆ ಎರಡು ಕೆ.ಜಿ.ಯಷ್ಟು ಸಯನ್ಯೂರಿಕ್ ಆಮ್ಲ ಹಾಕಿ 30 ಪಿಪಿಎಂಗೆ ತರುತ್ತೇನೆ, ನಾಲ್ಕು ಕೆ.ಜಿ. ಅಡುಗೆ ಸೋಡಾ ಕ್ಷಾರತೆಯನ್ನು ಸುಮಾರು 40 ಪಿಪಿಎಂ ಏರಿಸುತ್ತದೆ. ಒಮ್ಮೆ ಬೋರ್‌ವೆಲ್ ನೀರಿನಿಂದ ಕೊಳ ತುಂಬಿಸಿ ನೋಡಿದೆ; ಹೈಪೋ ತಗುಲಿದೊಡನೆ ಅದರ ಕಬ್ಬಿಣವೆಲ್ಲ ಹೊರಬಂದು ಕೊಳ ಕರಿಕಾಪಿಯ ಬಣ್ಣಕ್ಕೆ ತಿರುಗಿತು. ಈಗ ಆ ನೀರಿಗೆ ಸಿಂಟೆಕ್ಸ್ ಟ್ಯಾಂಕಿನಲ್ಲಿಯೇ ಹೈಪೋ ಬೆರೆಸಿ, ಎರಡು ದಿನ ಕೆಸರು ತಂಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಿಡುತ್ತೇನೆ.

ಪಂಪು, ಟೈಮರ್, ವಾಲ್ವುಗಳೆಲ್ಲ ಸೇರಿ ಹದಿನೆಂಟು ಸಾವಿರದೊಳಗೆ ಮುಗಿಯಿತು, ಮೊದಲ ಪಂಪಿನ ನಷ್ಟ ಬೇರೆ. ಸೆನ್ಸರ್ ಇರುವ ಸಿದ್ಧ ಯಂತ್ರಕ್ಕೆ ಒಂದು ಲಕ್ಷಕ್ಕೂ ಮೇಲೆ ಕೇಳಿದ್ದರು. ಸಯನ್ಯೂರಿಕ್ ಆಮ್ಲವಿರುವ ನೀರಿನಲ್ಲಿ, ಸೋಂಕು ಕೊಲ್ಲುವ ಬಲವನ್ನು ಅಳೆಯುವ ಆ ಓಆರ್‌ಪಿ ಸೆನ್ಸರಿನ ಅಂಕಿಯನ್ನು ನಂಬುವುದೂ ಕಷ್ಟ. ಮಾತ್ರೆಗೆ ತಿಂಗಳಿಗೆ ನಾಲ್ಕೈದು ಸಾವಿರ ಹೋಗುತ್ತಿದ್ದ ಕಡೆ ಈಗ ಒಂದು ಕ್ಯಾನ್ ಹೈಪೋ, ತರಿಸುವ ಬಾಡಿಗೆ ಸೇರಿ ಸಾವಿರದ ಇನ್ನೂರು. ಕಳೆದ ಹುತ್ತರಿ ಹಬ್ಬಕ್ಕೆ ಬಂದ ಚಿಕ್ಕಪ್ಪನವರು ಕೊಳದ ತಳದ ಟೈಲ್ಸ್ ಎಣಿಸಿ ನೋಡಿ, ತಮ್ಮ ಹೋಂಸ್ಟೇಯ ಕೊಳಕ್ಕೂ ಇದನ್ನೇ ಕೂರಿಸಿಕೊಡು ಎಂದರು. ಕಾಫಿ ಕೊಯ್ಲು ಮುಗಿದೊಡನೆ ಆ ಕೆಲಸಕ್ಕೆ ಕೈಹಾಕುತ್ತೇನೆ. ಟ್ಯೂಬ್ ಈಗಾಗಲೇ ತರಿಸಿಟ್ಟಿದ್ದೇನೆ.