ಇಂಡೊನೇಷ್ಯಾದ ಅಲಗುಗಳ ಮೂಲ ನೆಲೆಯನ್ನು ಗುರುತಿಸುವ ಬಗೆ

ಬಾಲಿ ಪ್ರವಾಸ ಮುಗಿಸಿ ತುಮಕೂರಿಗೆ ಮರಳಿದ ನೆಂಟರು ತಂದುಕೊಟ್ಟ ಅಂಕುಡೊಂಕಿನ ಕಠಾರಿಯಾಗಲಿ, ಹಳೆಯ ಸಾಮಾನಿನ ಅಂಗಡಿಯಲ್ಲಿ ಕಂಡ ಕತ್ತಿಯಾಗಲಿ, ಅದು ಯಾವ ದ್ವೀಪದ್ದೆಂದು ತಿಳಿಯಬೇಕಾದರೆ ಮೊದಲು ಅಲಗನ್ನು ನೋಡಬೇಕು. ಹಿಡಿ ಮತ್ತು ಒರೆಗಳೇ ಬೇಗ ಕಣ್ಣಿಗೆ ಬೀಳುತ್ತವೆಯಾದರೂ, ಅವು ಮುರಿದಾಗ ಅಥವಾ ಕತ್ತಿ ಕೈ ಬದಲಾದಾಗ ಹೊಸದಾಗಿ ಜೋಡಿಸಲ್ಪಡುತ್ತವೆ. ಜಾವಾದ ಅಲಗು ಸುಲಾವೆಸಿಯ ಒರೆಯಲ್ಲಿ ಸೇರಿರುವುದೂ ಉಂಟು.

ಕೆರಿಸ್ ಎಂಬ ಕಠಾರಿಯ ಬುಡ ಎರಡು ಬದಿಗೂ ಸಮನಾಗಿರುವುದಿಲ್ಲ: ಒಂದು ಬದಿ ಚೂಪಾಗಿ ಚಾಚಿಕೊಂಡಿದ್ದರೆ ಇನ್ನೊಂದು ಮೊಟಕಾಗಿರುತ್ತದೆ. ಅಲ್ಲಿ ಅಡ್ಡಲಾಗಿ ಕೂರಿಸಿದ ‘ಗಂಜ’ ಎಂಬ ತುಂಡು ಸಾಮಾನ್ಯವಾಗಿ ಪ್ರತ್ಯೇಕವಾಗಿದ್ದು, ಬೆಸುಗೆಯಿಲ್ಲದ ಜೋಡಣೆ ಸಣ್ಣ ಗೆರೆಯಾಗಿ ಕಾಣಿಸುತ್ತದೆ. ನೇರ ಅಲಗಿನ ಕೆರಿಸ್‌ಗಳೂ ಬಹಳಷ್ಟಿವೆ. ಬಾಗುಗಳಿದ್ದರೆ ಅವುಗಳ ಸಂಖ್ಯೆ ಸಂಪ್ರದಾಯದಂತೆ ಬೆಸವಾಗಿಯೇ ಇರಬೇಕು; ಸರಿಸಂಖ್ಯೆ ಬಂದರೆ ಬುಡದಿಂದ ಮತ್ತೊಮ್ಮೆ ಎಣಿಸಿ ನೋಡಬೇಕು.

ಅಲಗಿನ ಮೇಲಿನ ಬಿಳಿ ಚಿತ್ತಾರಕ್ಕೆ ‘ಪಮೊರ್’ ಎನ್ನುತ್ತಾರೆ. ನಮ್ಮ ಭಾಗದ ಓದುಗರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮಧುಗಿರಿ, ಚನ್ನರಾಯನದುರ್ಗದ ಸುತ್ತ ಹಿಂದೆ ಮೂಸೆಯಲ್ಲಿ ಉಕ್ಕು ತಯಾರಾಗುತ್ತಿತ್ತು; ಅಂಥ ಮೂಸೆಯುಕ್ಕಿನ ಅಲಗುಗಳಲ್ಲಿ ಕಾಣುವ ನೀರಲೆಯಂಥ ಗೆರೆಗಳು ಲೋಹದೊಳಗಿನ ಹರಳುಗಟ್ಟುವಿಕೆಯಿಂದ ಮೂಡುತ್ತವೆ. ಪಮೊರ್ ಹಾಗಲ್ಲ: ಕಬ್ಬಿಣದ ಪದರಗಳ ನಡುವೆ ನಿಕಲ್ ಇರುವ ಲೋಹವನ್ನಿಟ್ಟು, ಕುಲುಮೆಯಲ್ಲಿ ಕಾಯಿಸಿ, ಬಡಿದು, ಮಡಿಚಿ ಅದನ್ನು ರೂಪಿಸುತ್ತಾರೆ. ಜಾವಾದ ಪ್ರಂಬನನ್ ಬಳಿ ಬಿದ್ದು ಸುರಕರ್ತಾ ಅರಮನೆ ಸೇರಿದ ಉಲ್ಕೆಯ ಲೋಹವೂ ಇದಕ್ಕೆ ಬಳಕೆಯಾಗಿದೆ. ಅಲಗಿಗೆ ನಿಂಬೆರಸ ಬೆರೆಸಿದ ಪಾಷಾಣವನ್ನು (ವಿಷಕಾರಿ ಆರ್ಸೆನಿಕ್) ಸವರಿದಾಗ ಕಬ್ಬಿಣ ಕಪ್ಪಾಗಿ, ನಿಕಲ್ ಪದರ ಬೆಳ್ಳಗೆ ಉಳಿಯುತ್ತದೆ. ಭೂತಗನ್ನಡಿಯಲ್ಲಿ ಅಂಚನ್ನು ಪರೀಕ್ಷಿಸಿದರೆ ಪದರಗಳು ಸರಿದು ನಡುವಿನ ಉಕ್ಕು ಕಾಣಬೇಕು. ಚಿತ್ತಾರ ಅಂಚಿನವರೆಗೂ ಬಣ್ಣ ಬಳಿದಂತೆ ಒಂದೇ ಸಮನೆ ಹರಡಿದ್ದರೆ ಅದು ಆಮ್ಲದಿಂದ ಬರೆದದ್ದೆಂದು ಅನುಮಾನಿಸಬೇಕು.

ಇದಾದ ಮೇಲೆ ಪ್ರದೇಶದ ಪ್ರಶ್ನೆ. ಜಾವಾದ ಕೆರಿಸ್‌ನ ಹಿಡಿ ಮರದ್ದು, ತುಸು ಬಾಗಿದ್ದು, ಅಲಂಕಾರದಲ್ಲಿ ಮಿತವಾದದ್ದು. ಒರೆಯ ಬಾಯಿ ಚೂಪು ತುದಿಗಳ ‘ಲದ್ರಾಂಗ್’ ಅಥವಾ ದುಂಡನೆಯ ‘ಗಯಮನ್’ ಆಗಿರುತ್ತದೆ. ಬಾಲಿಯದು ಸಾಮಾನ್ಯವಾಗಿ ಹೆಚ್ಚು ಉದ್ದ, ಹೆಚ್ಚು ಭಾರ. ಮೈ ನುಣುಪು, ಹಿಡಿಯಲ್ಲಿ ದೇವತೆ ಅಥವಾ ರಾಕ್ಷಸನ ಮೂರ್ತಿಯಿರಬಹುದು. ಸುಲಾವೆಸಿಯ ಬುಗಿಸ್ ಜನರ ಹಿಡಿ ಬಹುತೇಕ ಲಂಬಕೋನದಲ್ಲಿ ಬಾಗಿರುತ್ತದೆ. ಕಿರಿದಾದ, ಉದ್ದನೆಯ, ನೇರ ಅಲಗು ಕಂಡರೆ ಸುಮಾತ್ರಾವನ್ನು ನೆನೆಯಬೇಕು.

ಕೆರಿಸ್ ಅಲ್ಲದವನ್ನು ಗುರುತಿಸುವುದು ಸುಲಭ. ಎಲ್ ಅಕ್ಷರದಂಥ ಹಿಡಿಯ ರೆಂಚೊಂಗ್ ಕಠಾರಿ ಸುಮಾತ್ರಾದ ಉತ್ತರ ತುದಿಯ ಅಚೆ ಪ್ರಾಂತದ್ದು. ಬೆನ್ನಿನಲ್ಲಿ ರಂಧ್ರಗಳಿರುವ ಕುಜಂಗ್ ಪಶ್ಚಿಮ ಜಾವಾದ ಸುಂಡಾ ಜನರದು. ಉಗುರಿನಂತೆ ಬಾಗಿದ ಕರಂಬಿತ್ ಪಶ್ಚಿಮ ಸುಮಾತ್ರಾದ ಮಿನಂಗ್‌ಕಬೌ ನಾಡಿನದು. ಕಾಲಿಮಂಟನ್‌ನ (ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗ) ದಯಕ್ ಜನರ ಮಂಡೌ ಕತ್ತಿಯ ಒಂದು ಮುಖ ಉಬ್ಬಿದ್ದು, ಇನ್ನೊಂದು ಚಪ್ಪಟೆ ಅಥವಾ ತುಸು ತಗ್ಗಾಗಿರುತ್ತದೆ. ಜಿಂಕೆಕೊಂಬಿನ ಕೆತ್ತನೆಯ ಹಿಡಿ, ಒರೆಗೆ ಕಟ್ಟಿದ ಪುಟ್ಟ ಚಾಕು ಇದ್ದರೆ ಗುರುತು ಇನ್ನಷ್ಟು ಗಟ್ಟಿಯಾಗುತ್ತದೆ.

ಬಾಲಿಯಲ್ಲಿ 210 ದಿನಗಳಿಗೊಮ್ಮೆ ಬರುವ ತುಂಪೆಕ್ ಲಂಡೆಪ್ ದಿನ ಕೆರಿಸ್‌ಗಳಿಗೆ ಪೂಜೆ ಸಲ್ಲುತ್ತದೆ. ನಮ್ಮಲ್ಲಿ ಆಯುಧಪೂಜೆಗೆ ಲೋಹವನ್ನು ಹುಣಸೆಹಣ್ಣು ಹಾಕಿ ತಿಕ್ಕುವ ವಾಡಿಕೆಯನ್ನು ಈ ಅಲಗುಗಳಿಗೆ ಅನ್ವಯಿಸಕೂಡದು. ಪಾಷಾಣದ ಕಪ್ಪು ಹೋದರೆ ಚಿತ್ತಾರವೂ ಮಸುಕಾಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಹಿಡಿ ಬಿಗಿದುಕೊಂಡಿದ್ದರೆ ಬಲವಾಗಿ ತಿರುಚಬಾರದು. ಹಿಡಿಯೊಳಗೆ ಸೇರಿರುವ ಅಲಗಿನ ಸಣ್ಣ ಕಂಬಿ ತುಕ್ಕು ಹಿಡಿದಿದ್ದರೆ ಅಲ್ಲಿಯೇ ತುಂಡಾಗುತ್ತದೆ.