ನೋಯುವ ನರವನ್ನು ಹುಡುಕುವ ಸೂಜಿ: ಕಿಬ್ಬೊಟ್ಟೆಯ ಹಳೆಯ ನೋವಿಗೆ ನರ್ವ್ ಬ್ಲಾಕ್ ಮಾಡಿಸಿಕೊಳ್ಳುವುದು ಹೇಗೆ?

ಸ್ಕ್ಯಾನ್‌ನಲ್ಲಿ ಏನೂ ಕಾಣುತ್ತಿಲ್ಲ, ರಕ್ತಪರೀಕ್ಷೆಯೂ ಸರಿಯಿದೆ, ನೋವು ಮಾತ್ರ ಹೋಗಿಲ್ಲ. ಕಿಬ್ಬೊಟ್ಟೆಯಲ್ಲಿ, ಜನನಾಂಗದ ಸುತ್ತ ಅಥವಾ ಗುದದ್ವಾರದ ಬಳಿ ಆರು ತಿಂಗಳಿಗೂ ಮೀರಿ ಉಳಿದ ಇಂಥ ನೋವನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ತೋರಿಸುತ್ತ ಬಂದವರಿಗೆ ವೈದ್ಯರು ಒಂದು ದಿನ, ‘ನರ್ವ್ ಬ್ಲಾಕ್ ಮಾಡಿಸಿ ನೋಡೋಣ, ಮೈಸೂರಿಗೆ ಬರೆದುಕೊಡುತ್ತೇನೆ’ ಎನ್ನುತ್ತಾರೆ. ಚೀಟಿ ಮನೆಗೆ ಬಂದ ಕೂಡಲೇ ಎರಡು ಬಗೆಯ ಮಾತು ಹುಟ್ಟುತ್ತದೆ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಕಾಲು ಹೋಗುತ್ತದೆ ಎನ್ನುವವರು ಕೆಲವರು, ಒಂದೇ ಸೂಜಿಗೆ ಎಲ್ಲವೂ ವಾಸಿ ಎನ್ನುವವರು ಇನ್ನು ಕೆಲವರು. ಇಬ್ಬರನ್ನೂ ನಂಬಬೇಡಿ. ನರದ ಸುತ್ತ ಅರಿವಳಿಕೆ ಮದ್ದು ಬಿಡುವ ಈ ಚುಚ್ಚುಮದ್ದಿನ ಅರ್ಧ ಕೆಲಸ ನೋವು ಇಳಿಸುವುದು. ಉಳಿದರ್ಧ, ನನ್ನ ಎಣಿಕೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು, ನೋಯುತ್ತಿರುವ ನರ ಯಾವುದೆಂದು ಪತ್ತೆ ಹಚ್ಚುವುದು. ಆ ಪತ್ತೆದಾರಿಕೆಯಲ್ಲಿ ವೈದ್ಯರಷ್ಟೇ ಪಾಲು ರೋಗಿಯದೂ ಇದೆ.

ಯಾವ ನರಕ್ಕೆ, ಯಾವ ಸೂಜಿ?

ಮನೆಯ ವೈರಿಂಗ್‌ನಲ್ಲಿ ದೋಷ ಕಂಡಾಗ ಎಲೆಕ್ಟ್ರಿಷಿಯನ್ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾನಲ್ಲ, ಇದೂ ಹಾಗೆಯೇ. ಒಂದು ನರದ ಸುತ್ತ ಅರಿವಳಿಕೆ ಮದ್ದು ಬಿಟ್ಟಾಗ ನೋವು ನಿಂತರೆ ಸಂಶಯ ಆ ನರದ ಮೇಲೆ ಗಟ್ಟಿಯಾಗುತ್ತದೆ.

ಹೆಚ್ಚಾಗಿ ಹೆಸರು ಕೇಳುವುದು ಪ್ಯುಡೆಂಡಲ್ ನರದ್ದು. ಬೆನ್ನುಮೂಳೆಯ ಬುಡದಲ್ಲಿರುವ ಸೇಕ್ರಲ್ ಭಾಗದ 2, 3 ಮತ್ತು 4ನೆಯ ನರಬೇರುಗಳಿಂದ ಹೊರಟು, ಪೃಷ್ಠದ ಆಳದಲ್ಲಿ ಎರಡು ಅಸ್ಥಿರಜ್ಜುಗಳ ನಡುವೆ ನುಸುಳಿ, ಜನನಾಂಗ ಮತ್ತು ಗುದದ್ವಾರದ ಭಾಗಕ್ಕೆ ಹೋಗುವ ನರ ಇದು. ಇದು ಒತ್ತಡಕ್ಕೆ ಸಿಕ್ಕಿದವರಿಗೆ ಕುರ್ಚಿಯಲ್ಲಿ ಕೂತರೆ ಉರಿ, ಎದ್ದು ನಿಂತರೆ ಸಮಾಧಾನ. ಕಮೋಡ್ ಮೇಲೆ ಕೂತಾಗ ಮಾತ್ರ ಅಷ್ಟು ನೋಯುವುದಿಲ್ಲ. ಈ ಸಣ್ಣ ಸಂಗತಿಯನ್ನು ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ, ಅವರಿಗೆ ಅದು ದೊಡ್ಡ ಸುಳಿವು. 2006ರಲ್ಲಿ ಫ್ರಾನ್ಸ್‌ನ ನಾಂಟ್ ನಗರದಲ್ಲಿ ಸೇರಿದ್ದ ತಜ್ಞರು ಈ ನರದ ನೋವನ್ನು ಗುರುತಿಸಲು ಐದು ಲಕ್ಷಣಗಳನ್ನು ಗೊತ್ತುಮಾಡಿದರು: ನೋವು ಆ ನರದ ಹರವಿನಲ್ಲೇ ಇರಬೇಕು, ಕೂತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷೆಯಲ್ಲಿ ಸ್ಪರ್ಶಜ್ಞಾನ ಹೋಗಿರುವುದು ಕಾಣಬಾರದು, ನರ್ವ್ ಬ್ಲಾಕ್ ಕೊಟ್ಟಾಗ ಇಳಿಯಬೇಕು. ಐದನೆಯದನ್ನು ಗಮನಿಸಿ. ಸೂಜಿಯೇ ಇಲ್ಲಿ ಪರೀಕ್ಷೆ.

ಸಿಸೇರಿಯನ್ ಅಥವಾ ಹರ್ನಿಯಾ ಶಸ್ತ್ರಚಿಕಿತ್ಸೆಯ ಗಾಯದ ಗೆರೆಯ ಬಳಿ ಚುಚ್ಚುವ ನೋವಿದ್ದರೆ ಹೊಟ್ಟೆಯ ಗೋಡೆಯಲ್ಲಿರುವ ಇಲಿಯೊಇಂಗ್ವೈನಲ್ ನರಕ್ಕೆ ಸೂಜಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಗಳಲ್ಲಿ ಒಳಗಿನ ಅಂಗಗಳಿಂದಲೇ ಬರುವ ನೋವಿಗೆ ಬೆನ್ನುಮೂಳೆಯ ಮುಂಭಾಗದ ನರಜಾಲಕ್ಕೆ ಕೊಡುವ ಸುಪೀರಿಯರ್ ಹೈಪೊಗ್ಯಾಸ್ಟ್ರಿಕ್ ಬ್ಲಾಕ್ ಇದೆ. ಬಾಲದ ಮೂಳೆಯ ಸುತ್ತಲಿನ ನೋವಿಗೆ ಆ ಮೂಳೆಯ ಮುಂದಿರುವ ನರಗಂಟಿಗೆ ಕೊಡುವ ಗ್ಯಾಂಗ್ಲಿಯಾನ್ ಇಂಪಾರ್ ಬ್ಲಾಕ್. ಕೆಲವರಲ್ಲಿ ಬಿಗಿದುಕೊಂಡ ಸ್ನಾಯುವೇ ಅಪರಾಧಿಯಾಗಿರುತ್ತದೆ, ಆಗ ಸ್ನಾಯುವಿಗೇ ಸೂಜಿ. ಗಂಡಸರಿಗೂ ಈ ನೋವು ಬರುತ್ತದೆ. ಪ್ರಾಸ್ಟೇಟ್ ಸೋಂಕೆಂದು ಒಂದರ ಹಿಂದೊಂದು ಆ್ಯಂಟಿಬಯೋಟಿಕ್ ನುಂಗಿ ದಣಿದವರಲ್ಲಿ ಕೆಲವರ ಮೂಲ ನೋವು ನರದ್ದೋ ಸ್ನಾಯುವಿನದ್ದೋ ಆಗಿರುತ್ತದೆ.

ಹೊರಡುವ ಮುನ್ನ

ಕೊಡಗಿಗೆ ರೈಲಿಲ್ಲ. ಮೈಸೂರಾಗಲಿ ಮಂಗಳೂರಾಗಲಿ, ರಸ್ತೆಯೇ ಗತಿ. ಆದ್ದರಿಂದ ದಿನ ಗೊತ್ತುಮಾಡುವಾಗಲೇ ಯೋಚಿಸಿ. ಜುಲೈ-ಆಗಸ್ಟ್‌ನಲ್ಲಿ ಮಂಗಳೂರು ಕಡೆಯ ದಿನಾಂಕ ಪಡೆದರೆ ಸಂಪಾಜೆ ಘಾಟಿಯ ಸುದ್ದಿ ಕೇಳಿಯೇ ಹೊರಡಬೇಕು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಆ ದಾರಿಗೆ ಏನಾಯಿತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಾಫಿ ಕೊಯ್ಲಿನ ನಡುವೆ, ಅಥವಾ ಹುತ್ತರಿ ಹಬ್ಬಕ್ಕೆ ನೆಂಟರು ಬರುವ ವಾರ ಬೇಡ. ಮರುದಿನ ವಿಶ್ರಾಂತಿ ಎಂದು ವೈದ್ಯರು ಬರೆದುಕೊಡಬಹುದು, ನೆಂಟರಿರುವ ಮನೆಯಲ್ಲಿ ಅದು ಹೆಂಗಸರಿಗೆ ಸಿಗುವುದಿಲ್ಲ.

ವೈದ್ಯರಿಗೆ ಮೊದಲೇ ತಿಳಿಸಬೇಕಾದ ವಿಷಯಗಳಿವೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಹೃದಯ ವೈದ್ಯರ ಒಪ್ಪಿಗೆ ಬೇಕು. ಮಧುಮೇಹವಿದ್ದರೆ ಹೇಳಿ. ಅರಿವಳಿಕೆಯ ಜೊತೆ ಉರಿಯೂತ ಇಳಿಸುವ ಸ್ಟೀರಾಯ್ಡ್ ಸೇರಿಸಿದರೆ ಸಕ್ಕರೆ ಅಂಶ ಕೆಲವು ದಿನ ಏರುತ್ತದೆ, ಮನೆಯಲ್ಲಿ ದಿನವೂ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಗರ್ಭಿಣಿಯಾಗಿರುವ ಸಾಧ್ಯತೆ, ಔಷಧದ ಅಲರ್ಜಿ, ಜ್ವರ, ಮೂತ್ರದ ಸೋಂಕು ಇವನ್ನೂ ಮುಚ್ಚಿಡಬೇಡಿ. ಮಂಪರು ಔಷಧ ಕೊಡುವುದಾದರೆ ಎಷ್ಟು ಹೊತ್ತು ಉಪವಾಸ ಇರಬೇಕೆಂದು ಕೇಳಿಕೊಳ್ಳಿ.

ಬಹಳ ಮಂದಿ ಎಡವುವುದು ಇನ್ನೊಂದು ಕಡೆ. ದೂರದ ಪ್ರಯಾಣವೆಂದು ಹೆದರಿ ಬೆಳಿಗ್ಗೆಯೇ ಗಟ್ಟಿ ನೋವಿನ ಮಾತ್ರೆ ನುಂಗಿ ಹೊರಡುತ್ತಾರೆ. ಪತ್ತೆಗೆಂದು ಸೂಜಿ ಹಾಕುವ ದಿನ ನೋವು ಇರಬೇಕು, ಇಲ್ಲದಿದ್ದರೆ ಇಳಿಯಿತೆಂದು ತಿಳಿಯುವುದಾದರೂ ಹೇಗೆ? ಅಗತ್ಯ ಬಿದ್ದಾಗ ಮಾತ್ರ ನುಂಗುವ ಆ ಮಾತ್ರೆಯನ್ನು ಅಂದು ಬಿಡಬಹುದೇ ಎಂದು ಮುಂಚೆಯೇ ಫೋನಿನಲ್ಲಿ ಕೇಳಿ. ನರದ ನೋವಿಗೆಂದು ಕೊಡುವ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ನಿತ್ಯದ ಮಾತ್ರೆಗಳನ್ನು ಮಾತ್ರ ಹೇಳದೆ ಕೇಳದೆ ನಿಲ್ಲಿಸಬಾರದು.

ಟೇಬಲ್ ಮೇಲೆ

ಸೂಜಿ ಹಾಕುವವರು ಸಾಮಾನ್ಯವಾಗಿ ನೋವು ಚಿಕಿತ್ಸೆಯಲ್ಲಿ ತರಬೇತಿ ಪಡೆದ ಅರಿವಳಿಕೆ ತಜ್ಞರು. ಹೆಚ್ಚಾಗಿ ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ದಿಂಬಿಟ್ಟು, ತಣ್ಣನೆಯ ಔಷಧದಿಂದ ಚರ್ಮ ಒರೆಸುತ್ತಾರೆ. ಪ್ಯುಡೆಂಡಲ್ ನರಕ್ಕೆ ಪೃಷ್ಠದ ಮೂಲಕ ಕೊಡುವುದುಂಟು, ಹೆಂಗಸರಲ್ಲಿ ಯೋನಿಮಾರ್ಗವಾಗಿ ಕೊಡುವುದೂ ಉಂಟು. ಯಾವ ರೀತಿ ಎಂದು ಮೊದಲೇ ಕೇಳಿ. ಪಕ್ಕದಲ್ಲಿ ನರ್ಸ್ ಇರಲಿ ಎಂದು ಕೇಳುವ ಹಕ್ಕೂ ನಿಮಗಿದೆ.

ಮೊದಲ ಸಣ್ಣ ಸೂಜಿ ಚರ್ಮವನ್ನು ಮರಗಟ್ಟಿಸಲು. ಕೆಲವು ಕ್ಷಣ ಚುರ್ರೆಂದು ಉರಿಯುತ್ತದೆ, ಹಲವರಿಗೆ ಅತಿ ಹೆಚ್ಚು ನೋಯುವುದು ಇದೇ. ಆಮೇಲಿನ ಉದ್ದ ಸೂಜಿಯನ್ನು ಅಲ್ಟ್ರಾಸೌಂಡ್, ಸಿ-ಆರ್ಮ್ ಎಕ್ಸ್‌ರೇ ಅಥವಾ ಸಿಟಿ ಯಂತ್ರದ ಪರದೆ ನೋಡುತ್ತ ಇಳಿಸುತ್ತಾರೆ. ಒಳಗೆ ಒತ್ತಿದಂತೆ, ತುಂಬಿಕೊಂಡಂತೆ ಅನಿಸುತ್ತದೆ. ಒಮ್ಮೆ ನಿಮ್ಮ ಹಳೆಯ ನೋವೇ ಛಳಕ್ಕೆಂದು ಹೊಡೆಯಬಹುದು. ಆಗ ಮೈ ಕೊಸರದೆ ಬಾಯಲ್ಲಿ ಹೇಳಿ: ‘ಇದೇ ಜಾಗ’ ಅಥವಾ ‘ಇದು ಬೇರೆ ನೋವು’. ಸೂಜಿ ಹಿಡಿದವರಿಗೆ ಆ ಎರಡು ಮಾತು ಬೇಕು. ಇಡೀ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುವುದೇ ಹೆಚ್ಚು. ನಂತರ ಸ್ವಲ್ಪ ಹೊತ್ತು ನಿಗಾದಲ್ಲಿ ಮಲಗಿಸುತ್ತಾರೆ.

ವಾಪಸ್ ದಾರಿಯ ಲೆಕ್ಕ

ಕೊಡಗಿನವರು ವಿಶೇಷವಾಗಿ ಗಮನಿಸಬೇಕಾದ ಘಟ್ಟ ಇದು. ಲಿಗ್ನೊಕೇನ್ ಎಂಬ ಅರಿವಳಿಕೆ ಮದ್ದಿನ ಪ್ರಭಾವ ಒಂದೆರಡು ಗಂಟೆ, ಬ್ಯುಪಿವಕೇನ್‌ನದು ಅದಕ್ಕಿಂತ ಹಲವು ಗಂಟೆ ಹೆಚ್ಚು. ನರದ ಪತ್ತೆಗೆ ಸಿಗುವ ಸಮಯ ಇಷ್ಟೇ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಸೂಜಿ ಹಾಕಿಸಿಕೊಂಡ ಕೂಡಲೇ ಕಾರು ಹತ್ತಿ ಸೀಟು ಹಿಂದಕ್ಕೆ ಬಾಗಿಸಿ ನಿದ್ದೆ ಹೋದರೆ, ಮನೆ ಮುಟ್ಟುವಷ್ಟರಲ್ಲಿ ಆ ಸಮಯದ ಬಹುಪಾಲು ಕಳೆದಿರುತ್ತದೆ. ಮುಂದಿನ ಬಾರಿ ವೈದ್ಯರು ‘ಆವತ್ತು ಹೇಗಿತ್ತು?’ ಎಂದಾಗ ‘ಏನೋ, ಸ್ವಲ್ಪ ಆರಾಮಿತ್ತು ಅನಿಸುತ್ತದೆ’ ಎಂಬ ಉತ್ತರ ಬರುತ್ತದೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಹಾಗಾಗಿ ಚೀಟಿಯ ಹಿಂಬದಿಯಲ್ಲೇ ಬರೆದಿಡಿ. ಸೂಜಿಗೆ ಮುಂಚೆ ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ಅರ್ಧ ಗಂಟೆಯ ಮೇಲೆ ಎಷ್ಟು? ಕಾಲು ನೆಟ್ಟಗೆ ನಿಲ್ಲುತ್ತದೆಂದು ವೈದ್ಯರು ಖಚಿತಪಡಿಸಿದ ಬಳಿಕ, ದಿನವೂ ನೋವು ಕೊಡುವ ಕೆಲಸವನ್ನೇ ಅಲ್ಲಿ ಮಾಡಿ ನೋಡಿ. ಬಗ್ಗಿದರೆ ನೋಯುವವರು ಬಗ್ಗಿ, ನಡೆದರೆ ನೋಯುವವರು ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯಿರಿ. ಕೂತರೆ ನೋಯುವವರಿಗೆ ಕಾರಿನ ಸೀಟೇ ಪರೀಕ್ಷೆ: ಹುಣಸೂರಿನಲ್ಲಿ ಎಷ್ಟು, ಪಿರಿಯಾಪಟ್ಟಣದಲ್ಲಿ ಎಷ್ಟು, ಕುಶಾಲನಗರದಲ್ಲಿ ಎಷ್ಟು? ಪ್ರತಿ ಊರಲ್ಲೂ ಇಳಿದು ನಾಲ್ಕು ಹೆಜ್ಜೆ ಹಾಕಿ, ಅಂಕಿ ಮತ್ತು ಗಂಟೆ ಬರೆಯಿರಿ. ಬಸ್ಸಿನಲ್ಲಾದರೆ ಹಿಂದಿನ ಸೀಟು ಬೇಡ. ಯಾವ ಕಾರಣಕ್ಕೂ ನೀವೇ ಗಾಡಿ ಓಡಿಸಬೇಡಿ, ಜೊತೆಗೊಬ್ಬರು ಇರಲೇಬೇಕು. ಮದ್ದು ಪಕ್ಕದ ನರಕ್ಕೆ ಹರಡಿದರೆ ಕಾಲು ಕೆಲವು ಗಂಟೆ ಜೋಮು ಹಿಡಿದು ಸೋತು ಹೋಗಬಹುದು. ಮೂತ್ರ ಅಥವಾ ಮಲದ ಮೇಲಿನ ಹಿಡಿತವೂ ಅಷ್ಟು ಹೊತ್ತು ಸಡಿಲವಾದೀತು. ಒಂದು ಪ್ಯಾಡ್, ಬದಲಿ ಬಟ್ಟೆ ಚೀಲದಲ್ಲಿರಲಿ. ಅಂದು ಸಂಜೆ ಮದ್ಯ ಬೇಡ.

ಮುಂದಿನ ಎರಡು ವಾರ

ಅರಿವಳಿಕೆ ಇಳಿದ ರಾತ್ರಿ ಹಳೆಯ ನೋವು ವಾಪಸಾಗುತ್ತದೆ, ಕೆಲವರಿಗೆ ಎರಡು ಮೂರು ದಿನ ಮೊದಲಿಗಿಂತ ಜೋರಾಗಿಯೇ. ಸೂಜಿ ಸೋತಿತು ಎಂದುಕೊಳ್ಳಬೇಡಿ. ಸ್ಟೀರಾಯ್ಡ್ ಕೆಲಸ ತೋರಿಸಲು ಕೆಲವು ದಿನ, ಒಮ್ಮೊಮ್ಮೆ ಎರಡು ವಾರವೂ ಬೇಕು. ಆಮೇಲೆ ಸಿಗುವ ಆರಾಮ ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಇಲ್ಲವೇ ಇಲ್ಲ. ಒಂದೆರಡು ದಿನ ಭಾರ ಎತ್ತಬೇಡಿ. 50 ಕೆ.ಜಿ.ಯ ಕಾಫಿ ಮೂಟೆಯ ಗೊಡವೆಗಂತೂ ಹೋಗಬೇಡಿ.

ನೋವು ಇಳಿದ ದಿನಗಳನ್ನು ಸುಮ್ಮನೆ ಕಳೆಯಬಾರದು. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಸಡಿಲಿಸುವ ಫಿಸಿಯೊಥೆರಪಿಗೆ ಅದೇ ಸರಿಯಾದ ಸಮಯ. ನೋವಿನಲ್ಲಿ ಮಾಡಲಾಗದ ವ್ಯಾಯಾಮ ಆಗ ಸಾಧ್ಯವಾಗುತ್ತದೆ. ಸೂಜಿ ಮಾತ್ರ ಸಾಕೆಂದು ಫಿಸಿಯೊಥೆರಪಿ ಬಿಟ್ಟವರು ಮತ್ತೆ ಅದೇ ಬಾಗಿಲಿಗೆ ಬರುವುದು ಹೆಚ್ಚು.

ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡರೂ ಮೈಸೂರಿನ ವೈದ್ಯರಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ: ಚಳಿಜ್ವರ, ಸೂಜಿ ಹಾಕಿದ ಜಾಗ ಕೆಂಪಾಗಿ ಊದುವುದು, ಮೂತ್ರ ಕಟ್ಟಿಕೊಳ್ಳುವುದು, ಮರುದಿನವೂ ಬಿಡದ ಕಾಲಿನ ಸೋಲು ಅಥವಾ ಗುದದ್ವಾರದ ಸುತ್ತಲಿನ ಮರಗಟ್ಟುವಿಕೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಹೌದು. ಮಧ್ಯರಾತ್ರಿಯಲ್ಲಿ 120 ಕಿ.ಮೀ. ಓಡುವ ಬದಲು ಮೊದಲು ಅಲ್ಲಿಗೆ ಹೋಗಿ.

ಅಂದು ನೋವು ಎಳ್ಳಷ್ಟೂ ಇಳಿಯದಿದ್ದರೆ? ಸೂಜಿ ಸರಿಯಾದ ಜಾಗ ಮುಟ್ಟಿದ್ದರೆ, ಆ ನರ ಕಾರಣವಲ್ಲ ಎಂಬುದೂ ಉತ್ತರವೇ. ವೈದ್ಯರು ಬೇರೆ ನರವನ್ನೋ ಸ್ನಾಯುವನ್ನೋ ಹುಡುಕುತ್ತಾರೆ. ಚೆನ್ನಾಗಿ ಇಳಿದು ಬೇಗ ಮರಳಿದರೆ ಇನ್ನೊಂದು ಸೂಜಿ, ಅಥವಾ ರೇಡಿಯೊ ತರಂಗ ಬಳಸುವ ಚಿಕಿತ್ಸೆಯ ಮಾತು ಬರಬಹುದು. ಸ್ಟೀರಾಯ್ಡ್ ಸೂಜಿಯನ್ನು ಪದೇ ಪದೇ ಹಾಕಿಸಿಕೊಳ್ಳಲಾಗದು, ಎಷ್ಟು ಅಂತರ ಬೇಕೆಂದು ಕೇಳಿ. ಬಿಡುಗಡೆ ಚೀಟಿಯಲ್ಲಿ ‘ನರ್ವ್ ಬ್ಲಾಕ್ ಕೊಡಲಾಗಿದೆ’ ಎಂದಷ್ಟೇ ಇದ್ದರೆ ತೃಪ್ತರಾಗಬೇಡಿ. ಯಾವ ನರ, ಎಡವೋ ಬಲವೋ, ಯಾವ ಮದ್ದು, ಎಷ್ಟು ಮಿಲಿ ಎಂದು ಬರೆಸಿಕೊಂಡು, ನೀವು ದಾರಿಯಲ್ಲಿ ಬರೆದ ಅಂಕಿಗಳ ಜೊತೆ ಒಂದೇ ಫೈಲಿನಲ್ಲಿಡಿ. ಮುಂದೆ ಮಂಗಳೂರಿನಲ್ಲಿ ಬೇರೆ ವೈದ್ಯರಿಗೆ ತೋರಿಸಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ಫೈಲನ್ನೇ.